ಕಾಂಪೌಂಡಿನಾಚೆ ಜಾವಾ ಮಾವ, ಈಚೆ ನನ್ನ ಆರ್‌ಡಿ

ಮೈಸೂರಿನಲ್ಲಿ ಹಳೇ ಬೈಕು ಕಟ್ಟುವ ಹುಚ್ಚು ಹಿಡಿದವರು ಯೆಜ್ಡಿ ಕಟ್ಟಬೇಕು. ಯಾರೂ ಬರೆದಿಟ್ಟ ನಿಯಮವಲ್ಲ, ಆದರೂ ಊರಿಗೆಲ್ಲ ಗೊತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರುಮಾಡಿ, ಮೊದಲು ಜಾವಾ ಅಂತ, ಆಮೇಲೆ ಯೆಜ್ಡಿ ಅಂತ ಹೆಸರಿಟ್ಟು ದೇಶಕ್ಕೆಲ್ಲ ಕಳಿಸಿ, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದವರ ನೆಂಟರು ಇಲ್ಲಿನ ಯಾವ ಬೀದಿಗೆ ಹೋದರೂ ಸಿಗುತ್ತಾರೆ. ನಮ್ಮ ಬೀದಿಯಲ್ಲಿ ನೆಂಟರಲ್ಲ, ದುಡಿದವರೇ ಇದ್ದಾರೆ. ಅದೂ ನನ್ನ ಕಾಂಪೌಂಡಿಗೆ ಅಂಟಿಕೊಂಡ ಮನೆಯಲ್ಲಿ. ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಅವರು ಜಾವಾ ಮಾವ. ಅಂಥವರ ಕಣ್ಣೆದುರು ನಾನು ಪೋರ್ಟಿಕೋದಲ್ಲಿ ತಂದು ನಿಲ್ಲಿಸಿದ್ದು ರಾಜದೂತ್ 350.

ಮಾವ ದಾಸವಾಳದ ಗಿಡ ಸರಿಸಿ ನೋಡಿದರು. "ಊರಲ್ಲಿ ಗಂಡಿಲ್ಲ ಅಂತ ಫರೀದಾಬಾದಿಂದ ಅಳಿಯನ್ನ ತಂದ್ಯೇನಪ್ಪಾ?"

ಎಸ್ಕಾರ್ಟ್ಸ್ ಕಂಪನಿ ಇರುವುದು ಫರೀದಾಬಾದಿನಲ್ಲಿ, ನಿಜ. ಆದರೆ ಅಳಿಯನ ಮೂಲ ಜಪಾನು. ಯಮಹಾದವರು 1973ರಲ್ಲಿ ಆರ್‌ಡಿ 350 ಅಂತ ಒಂದು ಗಾಡಿ ಬಿಟ್ಟರು. ಎರಡು ಸಿಲಿಂಡರು, 347 ಸಿ.ಸಿ., ಟೂ ಸ್ಟ್ರೋಕು, ಆರು ಗೇರು, 39 ಅಶ್ವಶಕ್ತಿ. ಅಲ್ಲಿ ಅದರ ಕಾಲ ಮುಗಿದ ಮೇಲೆ, 1983ರಲ್ಲಿ, ಅದನ್ನೇ ಸ್ವಲ್ಪ ಸೌಮ್ಯ ಮಾಡಿ ಎಸ್ಕಾರ್ಟ್ಸ್‌ನವರು ಇಲ್ಲಿ ರಾಜದೂತ್ ಹೆಸರಲ್ಲಿ ತಂದರು. ಮೊದಲು ಬಂದ ಹೈ ಟಾರ್ಕ್‌ಗೆ 30.5 ಅಶ್ವಶಕ್ತಿ, ಆಮೇಲಿನ ಲೋ ಟಾರ್ಕ್‌ಗೆ 27. ರಾಜದೂತ್ ಅಂದರೆ ಹಾಲಿನ ಕ್ಯಾನು ಹೊರುವ 175 ಅಂತಲೇ ತಿಳಿದಿದ್ದ ಜನಕ್ಕೆ ಇದು ಅರ್ಥವೇ ಆಗಲಿಲ್ಲ. ಮಾವನ ಪ್ರಾಣವಾದ ಯೆಜ್ಡಿ ರೋಡ್‌ಕಿಂಗ್‌ಗೆ 16 ಅಶ್ವಶಕ್ತಿ. ಇಡೀ ಸಂಸಾರ ಹೊರುತ್ತಿದ್ದ ಪದ್ಮಿನಿ ಕಾರಿಗೇ ನಲವತ್ತರ ಆಸುಪಾಸು. ಪೆಟ್ರೋಲು ಅಳೆದು ಹಾಕಿಸುವ ದೇಶದಲ್ಲಿ ಕುಡುಕ ಗಾಡಿ ಯಾರಿಗೆ ಬೇಕು? ಆ ದಶಕ ಮುಗಿಯುವಷ್ಟರಲ್ಲಿ ಇದೂ ಮುಗಿಯಿತು. ಈಗ ಅದೇ ಗಾಡಿಗೆ ಹುಡುಗರು ಜೀವ ಬಿಡುತ್ತಾರೆ. ಬೇಕಾದಾಗ ಕೊಳ್ಳದೆ, ಸಿಗದಾದಾಗ ಅಳುವುದು ನಮ್ಮವರ ಹಳೇ ಚಾಳಿ.

"ಪೇಂಟು ಹೊಡೆದು, ಕ್ರೋಮ್ ಮಾಡಿಸಿ, ಹೊಸ ಸೀಟು ಹಾಕ್ಸು. ಮುಗೀತಲ್ಲ" ಅಂದರು ಎದುರು ಮನೆಯ ಬ್ಯಾಂಕಿನವರು. ಬೈಕು ಕಟ್ಟುವುದೆಂದರೆ ಮದುವೆಮನೆಗೆ ಸುಣ್ಣ ಹೊಡೆಸಿದ ಹಾಗೆ ಅಂತ ಅವರ ಲೆಕ್ಕ. ಮನೆಯಲ್ಲಿ ಕೂತು ಈ ಕೆಲಸ ಮಾಡಿದವರಿಗೆ ಗೊತ್ತು, ಮುಕ್ಕಾಲು ಪಾಲು ಕೆಲಸ ಹೊಸದಾಗಿ ಏನನ್ನಾದರೂ ಮಾಡುವುದಲ್ಲ, ಹಿಂದಿನವರು ಮಾಡಿಟ್ಟಿದ್ದನ್ನು ಕಳಚುವುದು. ಹಳೇ ಗಾಡಿ ಕೆಟ್ಟಿರುವುದು ವಯಸ್ಸಿನಿಂದ ಕಡಿಮೆ, ಉಪಕಾರ ಮಾಡಿದವರಿಂದ ಹೆಚ್ಚು.

ಸ್ಕ್ರೂನಿಂದಲೇ ಶುರುಮಾಡಿ. ಇಂಜಿನ್ನಿನ ಪಕ್ಕದ ಕವರಿಗೆ ಸ್ಟಾರ್ ಸ್ಕ್ರೂಗಳಿವೆ. ನೋಡಲು ನಮ್ಮ ಅಂಗಡಿಯ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಕೂರುವಂತೆ ಕಾಣುತ್ತವೆ, ಕೂರುವುದಿಲ್ಲ. ಜಪಾನಿನವರ ಸ್ಕ್ರೂ ತಲೆಯ ಅಳತೆ, ಓರೆ ಬೇರೆ. ನಮ್ಮ ಫಿಲಿಪ್ಸ್ ಡ್ರೈವರಿನ ತುದಿ ಬೇರೆ. ಜೋರು ಹಾಕಿದರೆ ತುದಿ ಮೇಲಕ್ಕೆ ಜಾರಿ ಸ್ಕ್ರೂ ತಲೆಯನ್ನು ಸವರಿಕೊಂಡು ಹೋಗುತ್ತದೆ. ನನ್ನ ಗಾಡಿಯ ಸ್ಕ್ರೂಗಳೆಲ್ಲ ಹಾಗೆ ಬೋಳಾಗಿದ್ದವು. ಯಾವುದೋ ಪುಣ್ಯಾತ್ಮ ಒಂದೆರಡಕ್ಕೆ ಉಳಿ ಇಟ್ಟು ಹೊಡೆದು ಬಿಚ್ಚಿದ್ದ. ಇನ್ನೊಬ್ಬ ಅವು ಮತ್ತೆ ಬಿಚ್ಚಲೇಬಾರದು ಅಂತ ಎಂ-ಸೀಲ್ ಮೆತ್ತಿದ್ದ.

"ನಮ್ಮಲ್ಲಿ ಬೋಲ್ಟು. ಸ್ಪ್ಯಾನರ್ ಹಾಕು, ತಿರುಗಿಸು" ಅಂತ ಮಾವ ಗೋಡೆಯಾಚೆಯಿಂದ. ಹಾಗಂತಲೇ ಒಳಗೆ ಹೋಗಿ, ಕಾರ್ಖಾನೆ ಕಾಲದ ಇಂಪ್ಯಾಕ್ಟ್ ಡ್ರೈವರ್ ತಂದು ಗೋಡೆಯ ಮೇಲಿಟ್ಟರು. ಸುತ್ತಿಗೆಯಲ್ಲಿ ಅದರ ತಲೆಗೆ ಒಂದೇಟು ಬಿದ್ದರೆ ತುದಿ ಒಳಕ್ಕೆ ಒತ್ತಿಕೊಂಡೇ ಒಂದಿಷ್ಟು ತಿರುಗುತ್ತದೆ. ಜಾರಲು ಅವಕಾಶವೇ ಇಲ್ಲ. ಒಂದೊಂದಾಗಿ ಸ್ಕ್ರೂಗಳು ಬಂದವು. ಕಳಚಿದ ಸಾಮಾನಿಗೆ ಮೊಟ್ಟೆಯ ಟ್ರೇ ಕೊಟ್ಟವರೂ ಅವರೇ. ಕವರಿನಲ್ಲಿ ಸ್ಕ್ರೂ ಹೇಗಿದ್ದವೋ ಅದೇ ಕ್ರಮದಲ್ಲಿ ಗುಳಿಗಳಲ್ಲಿಡಬೇಕು, ಯಾಕೆಂದರೆ ಉದ್ದ ಬೇರೆ ಬೇರೆ. ಗಿಡ್ಡ ಇರಬೇಕಾದ ಕಡೆ ಉದ್ದದ್ದು ಹಾಕಿ ಬಿಗಿದರೆ ಅಲ್ಯೂಮಿನಿಯಂ ಬಿರಿಯುತ್ತದೆ. ಮಾವನ ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲ. ಆ ಟ್ರೇ ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ, ಅತ್ತೆಯೂ ಕೇಳಿದಂತಿಲ್ಲ.

ಮುಂದಿನ ಉಪಕಾರ ಆಯಿಲ್ ಪಂಪಿನದು. ಯಮಹಾದವರು ಆಟೋಲ್ಯೂಬ್ ಅಂತ ಒಂದು ಸಣ್ಣ ಪಂಪು ಇಟ್ಟಿದ್ದರು. ಇಂಜಿನ್ ಎಷ್ಟು ವೇಗ ತಿರುಗುತ್ತಿದೆ, ಆಕ್ಸಿಲರೇಟರ್ ಎಷ್ಟು ತೆರೆದಿದೆ ಎರಡನ್ನೂ ನೋಡಿ ಅದು ಆಯಿಲ್ ಕೊಡುತ್ತದೆ. ನನ್ನ ಗಾಡಿಯಲ್ಲಿ ಪಂಪನ್ನು ಕಿತ್ತು, ತೂತಿಗೆ ತಗಡು ಮುಚ್ಚಿ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸಿದ್ದಾರೆ. ಪಂಪು ಕೆಟ್ಟರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ ಅನ್ನುವ ಭಯ. ಭಯ ಸುಳ್ಳೇನಲ್ಲ. ಆದರೆ ಆಯಿಲ್ ಕೈಯಳತೆಯಲ್ಲಿ ಸುರಿದು ಸೈಲೆನ್ಸರ್ ತುಂಬ ಮಸಿ ಕಟ್ಟಿಸಿಕೊಂಡ ಗಾಡಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಪಂಪು ಕೆಟ್ಟು ಸತ್ತವು ಅಷ್ಟಿಲ್ಲ.

ಇಲ್ಲಿ ಮಾವನ ಜೊತೆ ಮೊದಲ ಜಗಳ. "ಬೆರೆಸಿದ್ರೆ ಏನಪ್ಪಾ ತಪ್ಪು? ಇಡೀ ಮೈಸೂರು ಬೆರೆಸ್ಕೊಂಡೇ ಓಡಿಸ್ತು."

"ಹಾಗಾದ್ರೆ ನಿಮ್ಮ ಕಾರ್ಖಾನೆಯೋರು ಆಯಿಲ್‌ಕಿಂಗ್ ಅಂತ ಪಂಪಿರೋ ಗಾಡಿ ಯಾಕೆ ಮಾಡಿದ್ರು ಮಾವ?"

"ಅದು ಆಫೀಸಿನೋರು ಮಾಡಿದ್ದು. ನಮ್ಮನ್ನ ಕೇಳಿ ಮಾಡಿದ್ದಲ್ಲ" ಅಂತ ಮಾವ ಕೈ ತೊಳೆದುಕೊಂಡರು.

ಸೈಲೆನ್ಸರಿನ ಕಥೆಯಂತೂ ಹೇಳಬಾರದು. ಸೌಂಡು ಬರಲಿ ಅಂತ ಒಳಗಿನದೆಲ್ಲ ಕಿತ್ತು ಬರೀ ಕೊಳವೆ ಉಳಿಸಿದ್ದಾರೆ. ಫೋರ್ ಸ್ಟ್ರೋಕ್ ಗಾಡಿಗೆ ಸೈಲೆನ್ಸರ್ ಬಾಯಿ ಮುಚ್ಚಿಸುವ ಸಾಧನ. ಟೂ ಸ್ಟ್ರೋಕಿಗೆ ಅದು ಇಂಜಿನ್ನಿನದೇ ಭಾಗ. ಹೊಗೆ ಹೊರಹೋಗುವಾಗ ಅದರ ಹಿಂದೆಯೇ ಒಂದಿಷ್ಟು ಸುಡದ ಪೆಟ್ರೋಲು ಗಾಳಿಯೂ ಜಾರಿ ಹೋಗುತ್ತದೆ. ಕೊಳವೆ ಅಗಲವಾಗಿ ಮತ್ತೆ ಕಿರಿದಾಗುವಲ್ಲಿ ಒತ್ತಡದ ಅಲೆ ತಿರುಗಿ ಬಂದು ಅದನ್ನು ವಾಪಸ್ ಸಿಲಿಂಡರಿಗೆ ನೂಕುತ್ತದೆ. ಆ ಆಕಾರ ಕೆಡಿಸಿದರೆ ಸದ್ದು ಇಮ್ಮಡಿ, ಓಟ ಅರ್ಧ. ಸರಿಯಾದ ಜೋಡಿಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಸುತ್ತಬೇಕಾಯಿತು. ಅಲ್ಲಿ "ಒರಿಜಿನಲ್ ಸಾರ್" ಅನ್ನದ ಅಂಗಡಿ ಇಲ್ಲ. ಒರಿಜಿನಲ್ ಸಿಗುವ ಅಂಗಡಿಯವನು ಮಾತ್ರ ಏನೂ ಅನ್ನುವುದಿಲ್ಲ, ರೇಟು ಹೇಳಿ ಪೇಪರ್ ಓದುತ್ತಾನೆ.

ಟ್ಯಾಂಕಿನ ಹೊರಗೆ ಪೇಂಟಿನ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಇನ್ನೊಂದು ಪೇಂಟು. ಒಳಗೆ ತುಕ್ಕು. ತುಕ್ಕಿಗೆ ಕಲ್ಲು ಹಾಕಿ ಕುಲುಕುವ ಪದ್ಧತಿ ಎಲ್ಲರಿಗೂ ಗೊತ್ತು. ನಾನು ಹಿಡಿದದ್ದು ಕರೆಂಟಿನ ದಾರಿ. ಟ್ಯಾಂಕಿಗೆ ನೀರು ತುಂಬಿ, ವಾಷಿಂಗ್ ಸೋಡಾ ಕರಗಿಸಿ, ಬಾಯಿಂದ ಒಂದು ಕಬ್ಬಿಣದ ಸರಳು ತಗಡಿಗೆ ತಾಗದಂತೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ ಕೊಟ್ಟರೆ ತುಕ್ಕು ತಾನಾಗಿ ಸಡಿಲವಾಗುತ್ತದೆ. ಸರಳು ಸಿಗಲಿಲ್ಲ ಅಂತ ನಾನು ಹುಡುಕುತ್ತಿದ್ದರೆ ಮಾವ ಅಡುಗೆಮನೆಯಿಂದ ಉದ್ದನೆಯ ಸ್ಟೀಲ್ ಸೌಟು ತಂದರು. ಬೇಡ ಅಂದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇದೆ. ಹೀಗೆ ಕರೆಂಟು ಹರಿಸಿದರೆ ಅದು ವಿಷದ ರೂಪದಲ್ಲಿ ನೀರಿಗೆ ಬರುತ್ತದೆ, ಆ ನೀರನ್ನು ಗಿಡಕ್ಕೂ ಚೆಲ್ಲುವ ಹಾಗಿಲ್ಲ. ಮಾವ ನಂಬಲಿಲ್ಲ. ಆದರೆ ಅಷ್ಟರಲ್ಲಿ ಅತ್ತೆ ಸೌಟು ಹುಡುಕಿಕೊಂಡು ಬಂದದ್ದರಿಂದ ವಿಜ್ಞಾನದ ಚರ್ಚೆ ಅಲ್ಲಿಗೆ ನಿಂತಿತು. ಗುಳ್ಳೆಗುಳ್ಳೆಯಾಗಿ ಬರುವುದು ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಮಾಡಬೇಕು, ಬೀಡಿ ಸೇದುವವರನ್ನು ದೂರ ಇಡಬೇಕು. ತೊಳೆದ ತಕ್ಷಣ ಒಣಗಿಸದಿದ್ದರೆ ಕಣ್ಣೆದುರೇ ಮತ್ತೆ ಕೆಂಪು ಬಣ್ಣ ಏರುತ್ತದೆ.

ಈಗಿನ ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುತ್ತಾರೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗಾಡಿ ನಿಂತೇ ಇದ್ದರೆ ನೀರು ತಳಕ್ಕಿಳಿದು ಕೂರುತ್ತದೆ. ಎಂಬತ್ತರ ದಶಕದ ರಬ್ಬರ್ ವಾಷರುಗಳಿಗೂ ಅದು ಆಗಿಬರುವುದಿಲ್ಲ. ಓಡಿಸದೆ ಇಡುವವರು ಟ್ಯಾಂಕು, ಕಾರ್ಬುರೇಟರು ಎರಡನ್ನೂ ಖಾಲಿ ಮಾಡಿಡಬೇಕು. ಇದನ್ನು ಯಾರಿಗೆ ಹೇಳಿದರೂ ತಲೆ ಆಡಿಸುತ್ತಾರೆ, ಮಾಡುವುದಿಲ್ಲ.

ಇನ್ನು ಇಂಜಿನ್. ಗಾಡಿ ತಂದ ಹೊಸದರಲ್ಲಿ ಒಮ್ಮೆ ಸ್ಟಾರ್ಟ್ ಮಾಡಿದಾಗ ಬಲಗಡೆಯ ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡದೆ ಬಂದು, ಅತ್ತೆ ಒಣಹಾಕಿದ್ದ ಸೀರೆಗಳ ಮೇಲೆ ಕೂತಿತು. ಕ್ಷಮೆ ಕೇಳಿದೆ. ಹೊಗೆಯ ಬಣ್ಣ ಮಾತ್ರ ಕೆಲಸಕ್ಕೆ ಬರುವ ಸುದ್ದಿ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ಮೊದಲು ಹೋಗುವುದೇ ಕ್ರ್ಯಾಂಕ್‌ಕೇಸಿಗೆ. ಅದು ಪಂಪಿನಂತೆ ಕೆಲಸ ಮಾಡಬೇಕು, ಎಲ್ಲೂ ಸೋರಬಾರದು. ಕ್ರ್ಯಾಂಕಿನ ಎರಡು ತುದಿಗೂ ಸೀಲುಗಳಿವೆ. ಬಲಗಡೆ ಕ್ಲಚ್ಚು ಗೇರ್ ಆಯಿಲಿನಲ್ಲಿ ಮುಳುಗಿರುತ್ತದೆ. ಆ ಕಡೆಯ ಸೀಲು ಹೋದರೆ ಇಂಜಿನ್ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ, ಬಿಳಿ ಹೊಗೆ ಬರುತ್ತದೆ. ಎಡಗಡೆ ಒಣ ಜಾಗ, ಕರೆಂಟು ಮಾಡುವ ಕಡೆ. ಆ ಸೀಲು ಹೋದರೆ ಹೊಗೆ ಇಲ್ಲ, ಸದ್ದಿಲ್ಲ, ಬರೀ ಗಾಳಿ ಒಳಬರುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲು, ಆಯಿಲು ಸಾಲದೆ ಹೈವೇಯಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ನನಗೆ ಭಯ ಇದ್ದದ್ದು ಹೊಗೆ ಬಿಟ್ಟು ಮಾನ ಕಳೆದ ಬಲಗಡೆಯದಲ್ಲ, ಸುಮ್ಮನಿದ್ದ ಎಡಗಡೆಯದು.

ಸೋರಿಕೆ ಹಿಡಿಯಲು ಸಿಲಿಂಡರಿಗೆ ಬರುವ ಹೋಗುವ ದಾರಿಗಳನ್ನೆಲ್ಲ ರಬ್ಬರ್ ಹಾಕಿ ಮುಚ್ಚಿ, ಒಳಗೆ ಸ್ವಲ್ಪ ಗಾಳಿ ತುಂಬಿ, ನಿಲ್ಲುತ್ತದೋ ಇಳಿಯುತ್ತದೋ ನೋಡಬೇಕು. ಆರು ಪಿ.ಎಸ್.ಐ. ಸಾಕು, ಅದಕ್ಕಿಂತ ಹೆಚ್ಚಾದರೆ ಒಳ್ಳೆ ಸೀಲೂ ಹಾಳು. ಟೈರಿಗೆ ಗಾಳಿ ಹೊಡೆಯುವ ಪಂಪಿಗೆ ಅಷ್ಟು ನಾಜೂಕು ಗೊತ್ತಿಲ್ಲ. ಅಷ್ಟೇ ಒತ್ತಡ ತೋರಿಸುವ, ಕೈಯಲ್ಲಿ ಹಿಚುಕಿ ಗಾಳಿ ತುಂಬುವ ಯಂತ್ರ ಒಂದು ಪಕ್ಕದ ಮನೆಯಲ್ಲೇ ಇತ್ತು. ಮಾವನ ಬಿ.ಪಿ. ಮಿಷನ್ನು. ಮುಳ್ಳು ಇರುವ ಹಳೇ ಮಾದರಿ. ಅದರ 300ರ ಗೆರೆ ಅಂದರೆ ಹೆಚ್ಚುಕಡಿಮೆ ಆರು ಪಿ.ಎಸ್.ಐ.ಯೇ. ಪಟ್ಟಿ ಬಿಡಿಸಿ ಕೊಳವೆಯನ್ನು ಇಂಜಿನ್ನಿಗೆ ಸೇರಿಸಿ, ಮಾವನೇ ಬುರುಡೆ ಹಿಚುಕಿದರು. ಮುಳ್ಳು ಏರಿತು. ಸೋಪಿನ ನೊರೆ ಹಚ್ಚಿ ಕಾದೆವು. ಬಲಗಡೆ ನೊರೆ ಉಬ್ಬಿತು, ಅದು ನಿರೀಕ್ಷಿಸಿದ್ದೇ. ಎಡಗಡೆಯಲ್ಲೂ ಒಂದು ಗುಳ್ಳೆ ನಿಧಾನಕ್ಕೆ ಹುಟ್ಟಿ, ದಪ್ಪವಾಗಿ, ಒಡೆಯಿತು.

"ಎರಡೂ ಹೋಗಿದೆ. ನನಗಿಂತ ಇದರ ಬಿ.ಪಿ.ನೇ ಬೇಗ ಇಳೀತಲ್ಲಪ್ಪಾ" ಅಂದರು ಮಾವ. ಆವತ್ತಿನಿಂದ ಅವರಿಗೆ ಜಪಾನಿ ಅಳಿಯನ ಮೇಲೆ ಸ್ವಲ್ಪ ಕನಿಕರ ಹುಟ್ಟಿತು ಅಂತ ನನ್ನ ಅಂದಾಜು.

ಸೀಲು ಹಾಕಬೇಕಾದರೆ ಇಂಜಿನ್ ಇಳಿಸಿ ಕ್ರ್ಯಾಂಕ್‌ಕೇಸ್ ಅಡ್ಡಡ್ಡ ಎರಡು ಹೋಳು ಮಾಡಬೇಕು. ಇಳಿಸಿದ್ದಾಯಿತು. ಬ್ಲಾಕನ್ನು ಬೋರ್ ಮಾಡಿಸಲು ಲೇತಿಗೆ ಕಳಿಸಿದ್ದಾಯಿತು. ಇದರ ಬೋರು 64 ಮಿ.ಮೀ.; ದೊಡ್ಡ ಸೈಜಿನ ಪಿಸ್ಟನ್ನುಗಳು ಕಾಲು ಕಾಲು ಮಿಲಿಮೀಟರ್ ಮೇಲಕ್ಕೆ ಬರುತ್ತವೆ. ಪಿಸ್ಟನ್ ಮೊದಲು ಕೈಗೆ ಬಂದ ಮೇಲೆ ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು, ಬೋರ್ ಮಾಡಿಸಿ ಪಿಸ್ಟನ್ ಹುಡುಕಬಾರದು. ಪಾಯಿಂಟಿನ ಟೈಮಿಂಗ್ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ. ಪ್ಲಗ್ಗಿನ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ಪಿಸ್ಟನ್ ತುದಿ ಮುಟ್ಟುವುದಕ್ಕೆ ಎರಡು ಮಿಲಿಮೀಟರ್ ಇರುವಾಗ ಪಾಯಿಂಟ್ ಬಿಡಬೇಕು. ಕಣ್ಣಂದಾಜಿಗೆ ಇಲ್ಲಿ ಜಾಗವಿಲ್ಲ. "ಕಿವಿಯಲ್ಲಿ ಟೈಮಿಂಗ್ ಇಡ್ತೀನಿ" ಅನ್ನುವ ಮೆಕ್ಯಾನಿಕ್ಕುಗಳಿಗೆ ನಾನು ದೂರದಿಂದಲೇ ನಮಸ್ಕಾರ ಮಾಡುತ್ತೇನೆ.

ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸುವಾಗ ಒಂದು ಎಚ್ಚರ ಹೇಳಲೇಬೇಕು. ಮರಳು ಹೊಡೆಯುವ ಮುಂಚೆ ಚಾಸಿ ನಂಬರಿನ ಮೇಲೆ ದಪ್ಪ ಟೇಪ್ ಸುತ್ತಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಆರ್‌ಟಿಓದಲ್ಲಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಾರೆ. ಅಂಕಿ ಮೂಡದಿದ್ದರೆ ಗಾಡಿ ಎಷ್ಟು ಥಳಥಳ ಹೊಳೆದರೂ ಅನಾಥ. ವಿಂಟೇಜ್ ಅನ್ನಿಸಿಕೊಳ್ಳಲು ಕಾನೂನಿನಲ್ಲಿ ಐವತ್ತು ವರ್ಷವಾಗಬೇಕು. 1983ರ ಮೊದಲ ಆರ್‌ಡಿಗಳಿಗೇ ಆ ಭಾಗ್ಯ 2033ಕ್ಕೆ.

ಎಲ್ಲಕ್ಕಿಂತ ದೊಡ್ಡ ಜಗಳ ಬ್ರೇಕಿನದು. ಜಪಾನಿನ ಆರ್‌ಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು. ಇಲ್ಲಿಗೆ ಬರುವಾಗ ಅದನ್ನು ತೆಗೆದು ಡ್ರಮ್ ಹಾಕಿದರು. ಶಕ್ತಿ ತುಸು ಕಡಿಮೆ ಮಾಡಿದರು ಸರಿ, ಬ್ರೇಕಿನಲ್ಲೂ ಕಡಿಮೆ ಮಾಡಿದ್ದು ಯಾವ ನ್ಯಾಯ? ಆ ಕಾಲದಲ್ಲಿ ಹುಡುಗರು ಬಿದ್ದದ್ದಕ್ಕೆ ಗಾಡಿಯ ಓಟವನ್ನು ದೂರುತ್ತಾರೆ. ದೂರಬೇಕಾದ್ದು ಅದರ ನಿಲುಗಡೆಯನ್ನು.

"ನೀನು ಇಷ್ಟು ದಿನ ಎಲ್ಲಾನೂ ಒರಿಜಿನಲ್ ಒರಿಜಿನಲ್ ಅಂತ ಕುಣಿದೆ. ಈಗ ಹೇಳು. ಕಾರ್ಖಾನೆಯೋರೇ ಹಾಕಿದ ತಪ್ಪು ಒರಿಜಿನಲ್ಲಾ?" ಮಾವ ಗೋಡೆಗೆ ಎರಡೂ ಮೊಣಕೈ ಊರಿದರು. "ಕಾರ್ಖಾನೇಲಿ ಕೂತಿದ್ದೋರೂ ಮನುಷ್ಯರೇ ಕಣಯ್ಯಾ. ಸ್ಟಾಕಲ್ಲಿ ಏನಿತ್ತೋ ಅದನ್ನ ಹಾಕಿರ್ತಾರೆ. ನಾನು ಹಾಕಿಲ್ವಾ?"

ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹೊಸ ಗಾಡಿಯ ಫೋರ್ಕು, ಡಿಸ್ಕು ತಂದು ಕೂರಿಸಿದವರು ಬೇಕಾದಷ್ಟು ಜನ ಇದ್ದಾರೆ, ಅವರನ್ನು ನಾನು ಹಂಗಿಸಲಾರೆ. ಆದರೆ ಡ್ರಮ್ಮಿಗೆ ಕೆಟ್ಟ ಹೆಸರು ಬಂದದ್ದರಲ್ಲಿ ಅರ್ಧ ಪಾಲು ಅದನ್ನು ಯಾರೂ ಸರಿಯಾಗಿ ಹೊಂದಿಸಲೇ ಇಲ್ಲ ಅನ್ನುವುದರಿಂದ. ಈ ಡ್ರಮ್ಮಿನಲ್ಲಿ ಎರಡು ಶೂಗಳಿಗೆ ಎರಡು ಬೇರೆ ಬೇರೆ ಕ್ಯಾಮ್‌ಗಳಿವೆ. ಚಕ್ರ ಮುಂದಕ್ಕೆ ತಿರುಗುವಾಗ ಎರಡೂ ಶೂ ಡ್ರಮ್ಮಿನ ಎಳೆತಕ್ಕೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತವೆ. ಎರಡು ಲಿವರುಗಳ ನಡುವೆ ಹೊರಗಡೆ ಒಂದು ಕಡ್ಡಿ. ಆ ಕಡ್ಡಿಯ ಉದ್ದ ಚೂರು ತಪ್ಪಿದರೂ ಒಂದು ಶೂ ಮುಟ್ಟಿ ಇನ್ನೊಂದು ಸುಮ್ಮನಿರುತ್ತದೆ. ನನ್ನ ಗಾಡಿಯಲ್ಲಿ ಒಂದು ಶೂ ಸವೆದು ಹೋಗಿತ್ತು, ಇನ್ನೊಂದು ಹೊಸದರಂತೆ ಮಿರುಗುತ್ತಿತ್ತು. ಅಂದರೆ ಇದರ ಮೇಲೆ ಕೂತು ಮೆರೆದವರೆಲ್ಲ ಅರ್ಧ ಬ್ರೇಕಿನಲ್ಲೇ ಮೆರೆದಿದ್ದಾರೆ. ಡ್ರಮ್ಮನ್ನು ಲೇತಿನಲ್ಲಿ ಒಂದೆಳೆ ತೆಗೆಸಿ ದುಂಡು ಮಾಡಿಸಿದೆ, ಶೂಗಳಿಗೆ ಹೊಸ ಲೈನಿಂಗ್ ಅಂಟಿಸಿ ಡ್ರಮ್ಮಿನ ಬಾಗಿಗೆ ಹೊಂದುವಂತೆ ಉಜ್ಜಿಸಿದೆ. ಆಮೇಲೆ ಕಡ್ಡಿ ಕಳಚಿ, ಒಂದೊಂದು ಲಿವರನ್ನೂ ಬೇರೆಯಾಗಿ ಒತ್ತಿ ಶೂ ಎಲ್ಲಿ ಮುಟ್ಟುತ್ತದೆ ಅಂತ ಗುರುತು ಮಾಡಿ, ಎರಡೂ ಒಟ್ಟಿಗೆ ಮುಟ್ಟುವಷ್ಟಕ್ಕೆ ಕಡ್ಡಿಯ ಉದ್ದ ಇಟ್ಟೆ. ಇಡೀ ಗಾಡಿಯಲ್ಲಿ ದುಡ್ಡು ಕಡಿಮೆ ಹಿಡಿದ, ತಾಳ್ಮೆ ಜಾಸ್ತಿ ಹಿಡಿದ ಕೆಲಸ ಇದೇ. ಕ್ರೋಮ್ ಮಾಡಿಸಿದ್ದನ್ನು ಎಲ್ಲರೂ ನೋಡಿ ಹೊಗಳಿದರು. ಆ ಕಡ್ಡಿಯನ್ನು ಮಾವ ಒಬ್ಬರೇ ಬಗ್ಗಿ ನೋಡಿದ್ದು.

"ಮುಂದಕ್ಕೆ ಹೋಗೋವಾಗ ಹಿಡಿಯತ್ತೆ ಸರಿ. ಏರಿನಲ್ಲಿ ನಿಲ್ಲಿಸಿದಾಗ ಹಿಂದಕ್ಕೆ ಜಾರಿದ್ರೆ?"

ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಚಕ್ರ ಹಿಂದಕ್ಕೆ ತಿರುಗಿದರೆ ಇದೇ ಜೋಡಿ ಶೂಗಳ ಹಿಡಿತ ಸಡಿಲ. "ಆಗ ಹಿಂದಿನ ಬ್ರೇಕು ಮಾವ."

"ಮತ್ತೆ ಇಳಿಜಾರಲ್ಲಿ? ಟೂ ಸ್ಟ್ರೋಕು, ಗೇರಿಗೆ ಹಾಕಿ ಬಿಟ್ರೂ ಇಂಜಿನ್ ತಡೆಯಲ್ಲ. ಚಾಮುಂಡಿ ಬೆಟ್ಟ ಇಳಿದು ತೋರಿಸು. ಹತ್ತೋದು ಯಾರು ಬೇಕಾದ್ರೂ ಹತ್ತುತಾರೆ."

"ಭಾನುವಾರ ಬೆಳಿಗ್ಗೆ ಹೋಗೋಣ. ಹಿಂದೆ ಕೂತ್ಕೊಳ್ಳಿ."

"ಹಿಂದೆ ಯಾಕೆ ಕೂರ್ಲಿ? ನನ್ನ ರೋಡ್‌ಕಿಂಗ್ ಇಲ್ವಾ?" ಅಂದರು. ಹತ್ತುವಾಗ ಅವರು ಮುಂದೆ, ದಾರಿ ತೋರಿಸುವುದಕ್ಕೆ, ನಾನು ಹಿಂದೆ. ಹದಿನಾರು ಅಶ್ವಶಕ್ತಿಯ ಹಿಂದೆ ಮೂವತ್ತು ಅಶ್ವಶಕ್ತಿ ಕೆಮ್ಮುತ್ತ ಹತ್ತಬೇಕು. ಒಪ್ಪಿಕೊಂಡೆ, ದೊಡ್ಡವರು. ಇಳಿಯುವಾಗಲೂ ಅದೇ ಕ್ರಮವೇ ಅಂತ ಕೇಳಿದೆ.

ಮಾವ ಡ್ರಮ್ಮನ್ನು ಇನ್ನೊಂದು ಸಲ ನೋಡಿದರು.

"ಇಳಿಯೋವಾಗ ನೀನು ಮುಂದೆ ಹೋಗಪ್ಪಾ. ನಿನ್ನ ಬ್ರೇಕು ನಂಬ್ಕೊಂಡು ನಾನು ನಿನ್ನ ಮುಂದೆ ಹೋಗಲ್ಲ."